ಚೆಕ್‌ರೋಲ್ ಪಕ್ಕದಲ್ಲೇ ಇಂಗ್ಲಿಷ್ ವ್ಯಾಕರಣ

ಕೊಡಗಿನ ಸುಂಟಿಕೊಪ್ಪದ ಹತ್ತಿರದ ಒಂದು ಕಾಫಿ ತೋಟದಲ್ಲಿ ನಾನು ರೈಟರ್. ಚೆಕ್‌ರೋಲ್ (ಕೆಲಸದವರ ಹಾಜರಿ ಪುಸ್ತಕ) ಬರೆಯುವುದು, ಗೊಬ್ಬರದ ಲೆಕ್ಕ ಇಡುವುದು, ಮಳೆ ಅಳೆಯುವುದು ನನ್ನ ಕೆಲಸ. ಹಳೇ ಸಾಹುಕಾರರ ಕಾಲದಲ್ಲಿ ಎಲ್ಲ ಕನ್ನಡದಲ್ಲೇ ನಡೆಯುತ್ತಿತ್ತು. ಈಗ ತೋಟ ನೋಡಿಕೊಳ್ಳುವುದು ಅವರ ಮಗಳು. ಅವರು ಇರುವುದು ಬೆಂಗಳೂರಲ್ಲಿ. ಕನ್ನಡ ಚೆನ್ನಾಗಿ ಮಾತಾಡುತ್ತಾರೆ, ಓದುವುದು ಮಾತ್ರ ಕಷ್ಟ. ಹಾಗಾಗಿ ದಿನಾ ಸಂಜೆ ವಾಟ್ಸಾಪ್‌ನಲ್ಲಿ ಇಂಗ್ಲಿಷ್ ರಿಪೋರ್ಟ್ ಹೋಗಬೇಕು.

ಶಾಲೆಯಲ್ಲಿ ವ್ಯಾಕರಣ ಓದಿದ್ದೆ. ನೌನ್ ಅಂದರೆ ಏನು, ಅಡ್ವರ್ಬ್ ಅಂದರೆ ಏನು ಎಂದು ಈಗಲೂ ಹೇಳಬಲ್ಲೆ. ಅದರಿಂದ ಒಂದು ಸಾಲೂ ಸರಿಯಾಗಿ ಬರೆಯಲಿಕ್ಕೆ ಬರುವುದಿಲ್ಲ, ಅದು ಬೇರೆ ಮಾತು. ನನಗೆ ಉಪಯೋಗಕ್ಕೆ ಬಂದದ್ದು ರಿಪೋರ್ಟೇ. ಅದನ್ನೇ ಅಭ್ಯಾಸದ ಪುಸ್ತಕ ಮಾಡಿಕೊಂಡೆ.

ನೋಡಿ, ತೋಟದ ರಿಪೋರ್ಟ್‌ನಲ್ಲಿ ಕಾಲಗಳೆಲ್ಲ ತಾವಾಗಿಯೇ ಬೇರೆ ಬೇರೆ ನಿಂತಿರುತ್ತವೆ. ಮುಗಿದ ಕೆಲಸ ಒಂದು ಸಾಲು, ನಡೆಯುತ್ತಿರುವುದು ಒಂದು ಸಾಲು, ನಾಳೆಯದ್ದು ಒಂದು ಸಾಲು. 'ವಿ ಪಿಕ್ಡ್ ರೊಬಸ್ಟಾ ಇನ್ ಬ್ಲಾಕ್ ಫೋರ್.' 'ದ ಪಾರ್ಚ್‌ಮೆಂಟ್ ಈಸ್ ಡ್ರೈಯಿಂಗ್.' (ಹಣ್ಣಿನ ಸಿಪ್ಪೆ ತೆಗೆದು ತೊಳೆದ ಕಾಫಿ ಬೀಜಕ್ಕೆ ಪಾರ್ಚ್‌ಮೆಂಟ್ ಅಂತೀವಿ.) 'ವಿ ವಿಲ್ ಸ್ಟಾರ್ಟ್ ಬ್ಲಾಕ್ ಫೈವ್ ಟುಮಾರೋ.' ಮೊದಮೊದಲು ಇಷ್ಟೇ. ನೋಟ್‌ಬುಕ್ಕಿನಲ್ಲಿ ಬರೆದು, ಕ್ರಿಯಾಪದಕ್ಕೆ ಮಾತ್ರ ಕೆಂಪು ಗೆರೆ ಎಳೆದು, ಆಮೇಲೆ ಫೋನಿಗೆ ಹಾಕುತ್ತಿದ್ದೆ. ಫೋನಿನಲ್ಲಿ ತಾನಾಗಿ ತಿದ್ದುವ ವ್ಯವಸ್ಥೆಯನ್ನು ಆಫ್ ಮಾಡಿಟ್ಟಿದ್ದೆ. ಅದು ನಮಗೆ ಗೊತ್ತಾಗದ ಹಾಗೆ ತಿದ್ದಿಬಿಡುತ್ತದೆ, ನಾವು ಕಲಿಯುವುದು ಏನೂ ಇಲ್ಲ.

ಒಂದು ವಾರಕ್ಕೆ ಒಂದೇ ನಿಯಮ. ಆ ವಾರ ಬೇರೆ ತಪ್ಪು ಬಂದರೂ ತಲೆಕೆಡಿಸಿಕೊಳ್ಳಬಾರದು. ಇದು ನನ್ನ ಕಟ್ಟುನಿಟ್ಟು. ಎಲ್ಲ ಒಟ್ಟಿಗೆ ಸರಿಮಾಡಲು ಹೊರಟವರು ತಿಂಗಳೊಳಗೆ ಬಿಟ್ಟುಬಿಡುತ್ತಾರೆ.

ಕ್ರಿಯಾಪದದ ಕೊನೆಗೆ ಬರುವ 'ಎಸ್' ವಿಷಯಕ್ಕೆ ಬರೋಣ. ನಮ್ಮಲ್ಲಿ ಬರುತ್ತೇನೆ, ಬರುತ್ತೀಯ, ಬರುತ್ತಾನೆ, ಬರುತ್ತಾಳೆ, ಬರುತ್ತದೆ ಎಂದು ಎಲ್ಲದಕ್ಕೂ ಬಾಲ ಬದಲಾಗುತ್ತದೆ. ಇಂಗ್ಲಿಷ್‌ನಲ್ಲಿ ಒಂದೇ ಕಡೆ, ಅದೂ ಚಿಕ್ಕದು. ಚಿಕ್ಕದು ಅಂತಲೇ ಮರೆತುಹೋಗುತ್ತದೆ. ನಾನು ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಮೆಷಿನ್) ಮುಂದೆ ನಿಂತು ಜೋಡಿ ವಾಕ್ಯ ಹೇಳಿಕೊಳ್ಳುತ್ತಿದ್ದೆ: 'ದ ಪಲ್ಪರ್ ನೀಡ್ಸ್ ಆಯಿಲ್. ದ ಪಲ್ಪರ್ಸ್ ನೀಡ್ ಆಯಿಲ್.' ಎಸ್ ಒಂದೇ. ಹೆಸರಿಗೆ ಹೋದರೆ ಕ್ರಿಯೆಗೆ ಇಲ್ಲ. 'ವಿಮೆನ್', 'ಪೀಪಲ್' ತರಹದ ಪದಗಳಿಗೆ ಈ ಲೆಕ್ಕ ನಡೆಯುವುದಿಲ್ಲ, ಅವನ್ನು ಬೇರೆ ನೆನಪಿಡಬೇಕು. ಆದರೂ ಮುಕ್ಕಾಲು ಕೆಲಸ ಇದರಲ್ಲೇ ಆಗುತ್ತದೆ. ಮೇಸ್ತ್ರಿ ನನ್ನನ್ನು ನೋಡಿ, "ಏನು ರೈಟ್ರೇ, ಮೆಷಿನ್ ಹತ್ರ ಮಂತ್ರ ಹೇಳ್ತಿದ್ದೀರಾ?" ಎಂದು ನಗುತ್ತಿದ್ದ.

ಚೆಕ್‌ರೋಲ್‌ನಲ್ಲಿ ಬಾರದವರ ಹೆಸರು ದಿನಾ ಇರುತ್ತದಲ್ವಾ, ಅಲ್ಲಿ 'ಡಿಡ್ ನಾಟ್' ಕಲಿತದ್ದು. 'ಡಿಡ್ ನಾಟ್ ಕೇಮ್' ಅಲ್ಲ, 'ಡಿಡ್ ನಾಟ್ ಕಮ್'. ಮುಗಿದ ಕಾಲವನ್ನು 'ಡಿಡ್' ಹೊತ್ತುಕೊಂಡಾಯ್ತು, ಇನ್ನೊಂದು ಸಲ ಹೊರುವುದು ಬೇಡ. ಪ್ರಶ್ನೆಗೂ ಅಷ್ಟೇ: 'ಡಿಡ್ ದ ಲಾರಿ ಕಮ್?'

ಎಲ್ಲಕ್ಕಿಂತ ಜಾಸ್ತಿ ಕಲಿಸಿದ್ದು ಮಳೆ. ಕೊಡಗಿನಲ್ಲಿ ಜೂನ್‌ನಿಂದ ಅದಕ್ಕೆ ಬರ ಇಲ್ಲ. ನಾವು 'ಮಳೆ ಬರ್ತಾ ಇದೆ' ಅಂತೀವಿ. ಅದನ್ನೇ 'ರೈನ್ ಈಸ್ ಕಮಿಂಗ್' ಎಂದು ಕಳಿಸಿದರೆ ಬೆಂಗಳೂರಲ್ಲಿ ಕೂತವರಿಗೆ 'ಇನ್ನೇನು ಬರಲಿದೆ' ಎಂದು ಅನ್ನಿಸುತ್ತದೆ. ಕಣದಲ್ಲಿ ಕಾಫಿ ಹರಡಿರುವಾಗ ಈ ವ್ಯತ್ಯಾಸ ಸಣ್ಣದಲ್ಲ. ಸುರಿಯುತ್ತಿದ್ದರೆ 'ಇಟ್ ಈಸ್ ರೇನಿಂಗ್'. ಆ 'ಇಟ್' ಯಾರು ಎಂದು ಹುಡುಕಬೇಡಿ, ಅಲ್ಲಿ ಯಾರೂ ಇಲ್ಲ. ಇಂಗ್ಲಿಷ್ ವಾಕ್ಯಕ್ಕೆ ಸಾಮಾನ್ಯವಾಗಿ ಕರ್ತೃ ಇಲ್ಲದೆ ಆಗುವುದಿಲ್ಲ, ಜಾಗ ತುಂಬಿಸಲು ಸುಮ್ನೆ ಇಡುತ್ತಾರೆ.

ಇನ್ನು 'ಮೂರು ದಿನದಿಂದ', 'ಸೋಮವಾರದಿಂದ'. ನಮಗೆ ಎರಡಕ್ಕೂ 'ಇಂದ' ಸಾಕು. ಅಲ್ಲಿ ಎಷ್ಟು ಹೊತ್ತು ಎಂಬುದಕ್ಕೆ 'ಫಾರ್', ಯಾವಾಗ ಶುರು ಎಂಬುದಕ್ಕೆ 'ಸಿನ್ಸ್'. ಜೊತೆಗೆ ಕ್ರಿಯಾಪದವೂ ಬದಲಾಗುತ್ತದೆ: 'ಇಟ್ ಹ್ಯಾಸ್ ಬೀನ್ ರೇನಿಂಗ್ ಫಾರ್ ತ್ರೀ ಡೇಸ್', 'ಇಟ್ ಹ್ಯಾಸ್ ಬೀನ್ ರೇನಿಂಗ್ ಸಿನ್ಸ್ ಮಂಡೇ'. ಇಲ್ಲಿ ಬರೀ 'ಈಸ್ ರೇನಿಂಗ್' ಹಾಕಿದರೆ ಸರಿಯಾಗುವುದಿಲ್ಲ. ಆದರೆ ಬರೀ 'ನಿನ್ನೆ' ಬಂದ ಕೂಡಲೇ 'ಹ್ಯಾಸ್' ಬಿಡಬೇಕು. 'ವಿ ಗಾಟ್ ಒನ್ ಇಂಚ್ ಟ್ವೆಂಟಿ ಸೆಂಟ್ಸ್ ಯೆಸ್ಟರ್‌ಡೇ', ಅಷ್ಟೇ. (ಇಲ್ಲಿ ತೋಟದವರು ಮಳೆಯನ್ನು ಇಂಚು, ಸೆಂಟಿನಲ್ಲೇ ಹೇಳುವುದು. 100 ಸೆಂಟಿಗೆ ಒಂದು ಇಂಚು.) ಫೆಬ್ರವರಿ, ಮಾರ್ಚ್‌ನಲ್ಲಿ ಹೂಮಳೆಗೆ (ಕಾಫಿ ಹೂ ಅರಳಿಸುವ ಮಳೆಗೆ) ಕಾಯುವಾಗ 'ಇಟ್ ಹ್ಯಾಸ್ ನಾಟ್ ರೇನ್ಡ್ ಫಾರ್...' ಎಂದು ದಿನಾ ಬರೆದು ಬರೆದು ಅದು ಕೈಗೆ ಕೂತಿತು. ಸ್ಪ್ರಿಂಕ್ಲರ್‌ಗೆ ಡೀಸೆಲ್ ತರಿಸಬೇಕೋ ಬೇಡವೋ ಎಂದು ಸಾಹುಕಾರರ ಮಗಳು ತೀರ್ಮಾನ ಮಾಡುವುದು ಅದೇ ಸಾಲು ನೋಡಿ.

'ಎ', 'ಆ್ಯನ್' ಮಾತ್ರ ಕನ್ನಡ ಓದಿದವರಿಗೆ ಸಲೀಸು. ಮೇಸ್ತ್ರಿಯ ಮಗಳು ಹತ್ತನೇ ಕ್ಲಾಸು, ಅವಳಿಗೆ ಹೇಳಿಕೊಟ್ಟದ್ದು ಹೀಗೆ: ಇಂಗ್ಲಿಷ್ ಸ್ಪೆಲ್ಲಿಂಗ್ ನೋಡಬೇಡ, ಆ ಪದವನ್ನು ಕನ್ನಡದಲ್ಲಿ ಬರಿ. ಸ್ವರದಿಂದ ಶುರುವಾದರೆ 'ಆ್ಯನ್', ವ್ಯಂಜನವಾದರೆ 'ಎ'. ಅವರ್, ಎಂಎಲ್‌ಎ: 'ಆ್ಯನ್'. ಯೂನಿಫಾರ್ಮ್, ಯೂನಿಯನ್: 'ಎ'.

"ಮತ್ತೆ ಒನ್‌ಡೇ ಮ್ಯಾಚ್, ರೈಟರಣ್ಣ? ಅದೂ ಸ್ವರವೇ ಅಲ್ವಾ?"

ಒಳ್ಳೇ ಪ್ರಶ್ನೆ. ನಾವು ಬರೆಯುವುದು ಒನ್, ಇಂಗ್ಲಿಷರು ಹೇಳುವುದು ವನ್. ಹಾಗಾಗಿ ಅದಕ್ಕೆ 'ಎ'. 'ಎಗ್' ಅನ್ನು 'ಯೆಗ್' ಎನ್ನುವ ನಮ್ಮ ಬಾಯಿಯನ್ನೂ ಇಲ್ಲಿ ನಂಬುವ ಹಾಗಿಲ್ಲ.

'ದ' ಕಲಿಸಿದ್ದು ಆನೆ. 'ಆ್ಯನ್ ಎಲಿಫೆಂಟ್ ಕೇಮ್ ಲಾಸ್ಟ್ ನೈಟ್. ದಿ ಎಲಿಫೆಂಟ್ ಬ್ರೋಕ್ ದ ಗೇಟ್.' ಮೊದಲ ಸಲ ಹೇಳುವಾಗ ಯಾವುದೋ ಒಂದು ಆನೆ, ಎರಡನೇ ಸಲ ಅದೇ ಆನೆ. ಗೇಟಿಗೆ ಮೊದಲೇ 'ದ' ಯಾಕೆ ಅಂದರೆ, ಯಾವ ಗೇಟು ಎಂದು ನಮ್ಮಿಬ್ಬರಿಗೂ ಗೊತ್ತು. ಹಲಸು ಹಣ್ಣಾಗುವ ಕಾಲದಲ್ಲಿ ಈ ಪಾಠಕ್ಕೆ ಕೊರತೆ ಇಲ್ಲ.

ಇನ್, ಆನ್, ಆ್ಯಟ್ ಬಾಯಿಪಾಠವೇ ಗತಿ: 'ಇನ್ ದ ಮಾರ್ನಿಂಗ್', 'ಆನ್ ಮಂಡೇ', 'ಆ್ಯಟ್ ಸಿಕ್ಸ್'. 'ಲೇಬರ್ಸ್' ಎಂದು ತೋಟದಲ್ಲಿ ಎಲ್ಲರೂ ಅನ್ನುತ್ತಾರೆ. 'ಲೇಬರ್'ಗೆ ಎಸ್ ಸೇರುವುದಿಲ್ಲ, ರಿಪೋರ್ಟ್‌ನಲ್ಲಿ 'ವರ್ಕರ್ಸ್' ಬರೆಯಿರಿ. 'ಎಕ್ವಿಪ್‌ಮೆಂಟ್', 'ಇನ್ಫರ್ಮೇಶನ್' ಇವಕ್ಕೂ ಎಸ್ ಇಲ್ಲ.

ಈಗ ನಾನು ಹಿಡಿದಿರುವುದು 'ಇಫ್' ವಾಕ್ಯ. 'ಇಫ್ ಇಟ್ ವಿಲ್ ರೇನ್ ಟುಮಾರೋ' ಎಂದು ಬರೆಯಲು ಕೈ ಹೋಗುತ್ತದೆ, ನಾಳೆಯ ಮಾತಲ್ವಾ ಎಂದು. ಆದರೆ 'ಇಫ್' ಇರುವ ಕಡೆ 'ವಿಲ್' ಬೇಡ: 'ಇಫ್ ಇಟ್ ರೇನ್ಸ್ ಟುಮಾರೋ, ವಿ ವಿಲ್ ನಾಟ್ ಸ್ಪ್ರೇ.' ಯೋಚಿಸಿದರೆ ನಾವೂ 'ನಾಳೆ ಮಳೆ ಬಂದರೆ' ಅನ್ನುವಾಗ ಅಲ್ಲಿ ಮುಂದಿನ ಕಾಲದ ಗುರುತೇ ಇಲ್ಲ, ಅದು ಬರುವುದು 'ಹೊಡೆಯುವುದಿಲ್ಲ' ಎಂಬಲ್ಲಿ. ಮುಂಗಾರಿಗೆ ಮೊದಲು ಅರೇಬಿಕಾ ಕಾಫಿಗೆ ಬೋರ್ಡೋ (ರೋಗ ತಡೆಯುವ ಮೈಲುತುತ್ತು-ಸುಣ್ಣದ ದ್ರಾವಣ) ಹೊಡೆಯುವ ಕೆಲಸ ಇದೆ. ಮೋಡ ನೋಡಿಕೊಂಡೇ ದಿನ ಗೊತ್ತುಮಾಡಬೇಕು. ಈ ತಿಂಗಳ ರಿಪೋರ್ಟ್‌ನಲ್ಲಿ 'ಇಫ್' ಇಲ್ಲದ ಸಂಜೆ ಇರಲಿಕ್ಕಿಲ್ಲ.