ಮಾಡೆಲ್ ಎ ಫೋರ್ಡಿನ ಡೈನಮೋ: ಕೆಳಗಿಳಿಸುವ ಮೊದಲು ಮಾಡಿದ ಪರೀಕ್ಷೆ

ದುರಸ್ತಿಗೆ ಬಂದಿದ್ದ 1930ರ ಫೋರ್ಡ್ ಮಾಡೆಲ್ ಎ ಕಾರಿನಲ್ಲಿ ಎಂಜಿನ್ ಎಷ್ಟೇ ವೇಗವಾಗಿ ಓಡಿದರೂ ಕರೆಂಟು ತೋರಿಸುವ ಅಮ್ಮೀಟರಿನ ಮುಳ್ಳು ಸೊನ್ನೆಯ ಎಡಕ್ಕೇ ನಿಂತಿರುತ್ತಿತ್ತು, ಅಂದರೆ ಬ್ಯಾಟರಿ ಚಾರ್ಜ್ ಆಗದೆ ಖಾಲಿಯಾಗುತ್ತಿತ್ತು. ಚಾರ್ಜ್ ಆಗದಿದ್ದರೆ ಬ್ಯಾಟರಿಗೆ ಕರೆಂಟು ಕೊಡುವ ಡೈನಮೋವನ್ನು ಇಳಿಸಿ ನೇರವಾಗಿ ರೀವೈಂಡಿಂಗ್‌ಗೆ (ತಂತಿಯನ್ನು ಹೊಸದಾಗಿ ಸುತ್ತಿಸಲು) ಕಳುಹಿಸುವ ರೂಢಿ ನನಗೆ ಒಪ್ಪಿಗೆಯಿಲ್ಲ. ಎಂಜಿನ್ ನಿಲ್ಲಿಸಿ ಹೆಡ್‌ಲೈಟ್ ಹಾಕಿದಾಗ ಮುಳ್ಳು ಇನ್ನಷ್ಟು ಎಡಕ್ಕೆ ಸರಿದದ್ದರಿಂದ ಅಮ್ಮೀಟರ್ ಸರಿಯಿದೆ ಎಂದಾಯಿತು. ಬೆಲ್ಟ್ ಕೂಡ ಬಿಗಿಯಾಗಿತ್ತು. ಬ್ಯಾಟರಿಯ ಟರ್ಮಿನಲ್‌ಗಳನ್ನು ಮಾತ್ರ ಹೆಚ್ಚು ಎಚ್ಚರದಿಂದ ನೋಡಿದೆ. ಮುಖ್ಯ ಬ್ರಷ್‌ಗಳ (ತಿರುಗುವ ಭಾಗಕ್ಕೆ ತಾಗಿ ಕರೆಂಟು ಸಾಗಿಸುವ ಕಾರ್ಬನ್ ತುಂಡುಗಳ) ಜೊತೆಗೆ ಚಾರ್ಜನ್ನು ಹೊಂದಿಸಲು ಮೂರನೆಯ ಬ್ರಷ್ ಇರುವ ಈ ಡೈನಮೋಗೆ ವೋಲ್ಟೇಜ್ ರೆಗ್ಯುಲೇಟರ್ ಇಲ್ಲ, ವೋಲ್ಟೇಜನ್ನು ಹಿಡಿದಿಡುವುದು ಬ್ಯಾಟರಿಯೇ ಆದ್ದರಿಂದ, ಅದರ ಸಂಪರ್ಕ ತಪ್ಪಿದಾಗ ಎಂಜಿನ್ ಓಡಿದರೆ ಬಲ್ಬುಗಳ ಜೊತೆಗೆ ಡೈನಮೋದೊಳಗೆ ಕಾಂತಕ್ಷೇತ್ರ ಹುಟ್ಟಿಸುವ ಫೀಲ್ಡ್ ಕಾಯಿಲೂ ಸುಡಬಹುದು.

ಅನಂತರ ಬೆಲ್ಟ್ ಕಳಚಿ, ಡೈನಮೋದ ಮೇಲಿರುವ ಕಟೌಟ್‌ನ (ಡೈನಮೋವನ್ನು ಬ್ಯಾಟರಿಗೆ ತಾನಾಗಿ ಜೋಡಿಸುವ, ಬಿಡಿಸುವ ಸ್ವಿಚ್ಚಿನ) ಮುಚ್ಚಳ ತೆಗೆದು, ಅದರ ಪಾಯಿಂಟುಗಳನ್ನು ಬೆರಳಿನಿಂದ ಕ್ಷಣಕಾಲ ಒತ್ತಿ ಹಿಡಿದೆ. ಹೀಗೆ ಮಾಡಿದಾಗ ಬ್ಯಾಟರಿಯ ಕರೆಂಟು ಡೈನಮೋಗೆ ಹರಿದು, ಸುಸ್ಥಿತಿಯಲ್ಲಿರುವ ಡೈನಮೋ ಮೋಟರಿನಂತೆ ನಿಧಾನವಾಗಿ, ಒಂದೇ ಸಮನೆ ತಿರುಗಬೇಕು. ಕರೆಂಟೇ ಹರಿಯದಿದ್ದರೆ ಮುಖ್ಯ ಬ್ರಷ್‌ಗಳನ್ನು ನೋಡಬೇಕು. ಕೈಯಿಂದ ಸ್ವಲ್ಪ ತಿರುಗಿಸಿದ ಮೇಲಷ್ಟೇ ಹೊರಡುತ್ತಿದ್ದರೆ ಆರ್ಮೇಚರಿನ, ಅಂದರೆ ಒಳಗೆ ತಿರುಗುವ ತಂತಿ ಸುತ್ತಿದ ಭಾಗದ, ಯಾವುದೋ ಸುತ್ತು ಕಡಿದಿರುವ ಸಂಭವ ಹೆಚ್ಚು. ಇಲ್ಲಿ ಮುಳ್ಳು ಪೂರ್ತಿ ಎಡಕ್ಕೆ ಹಾರಿತು, ಪುಲ್ಲಿ ಅದುರಿತೇ ಹೊರತು ತಿರುಗಲಿಲ್ಲ. ಕೈಗೆ ಪುಲ್ಲಿ ಸಲೀಸಾಗಿ ಸುತ್ತುತ್ತಿದ್ದುದರಿಂದ ಬೇರಿಂಗ್ ಹಿಡಿದಿರಲಿಲ್ಲ. ಆರ್ಮೇಚರಿಗೆ ಕರೆಂಟು ಹೋಗುತ್ತಿದ್ದರೂ ಫೀಲ್ಡ್ ಸತ್ತಿದೆ ಎಂಬ ಅನುಮಾನ ಮೂಡಿತು. ಫೀಲ್ಡಿಗೆ ಕರೆಂಟು ಹೋಗುವುದು ಮೂರನೆಯ ಬ್ರಷ್‌ನ ಮೂಲಕವೇ.

ಡೈನಮೋದ ಹಿಂಭಾಗವನ್ನು ಮುಚ್ಚುವ ಪಟ್ಟಿಯನ್ನು ಸಡಿಲಿಸಿ ಅದರ ಒಳಮೈಯನ್ನು ಬೆಳಕಿಗೆ ಹಿಡಿದೆ. ವಿಪರೀತ ಕಾದ ಆರ್ಮೇಚರ್ ತನ್ನ ಬೆಸುಗೆಯ ಸೀಸವನ್ನು ಸಣ್ಣ ಹನಿಗಳಾಗಿ ಅಲ್ಲಿಗೆ ಎರಚಿರುತ್ತದೆ. ಅಂಥ ಹನಿಗಳು ಇರಲಿಲ್ಲ, ಬ್ರಷ್‌ಗಳು ತಾಗುವ ಕಮ್ಯುಟೇಟರಿನ ಯಾವ ತಾಮ್ರದ ಪಟ್ಟಿಯೂ ಸುಟ್ಟು ಕಪ್ಪಾಗಿರಲಿಲ್ಲ. ಆದರೆ ಎಣ್ಣೆ ಬೆರೆತ ಕಾರ್ಬನ್ ಪುಡಿ ಗಟ್ಟಿಯಾಗಿ ಮೂರನೆಯ ಬ್ರಷ್ ತನ್ನ ಗೂಡಿನಲ್ಲೇ ಸಿಕ್ಕಿಕೊಂಡು, ಕಮ್ಯುಟೇಟರನ್ನು ಮುಟ್ಟದೆ ನಿಂತಿತ್ತು.

ಗೂಡನ್ನು ಶುಚಿಗೊಳಿಸಿ, ಹೊಸ ಬ್ರಷ್ ಹಾಕಿ, ಅದರ ತುದಿಯನ್ನು ನಯವಾದ ಮರಳುಕಾಗದದಿಂದ ಕಮ್ಯುಟೇಟರಿನ ಬಾಗಿಗೆ ಹೊಂದಿಸಿದೆ. ಎಮರಿ ಕಾಗದದ ಪುಡಿ ಪಟ್ಟಿಗಳ ನಡುವೆ ಕೂರುವುದರಿಂದ ಅದನ್ನು ನಾನು ಬಳಸುವುದಿಲ್ಲ. ಎಂಜಿನ್ ಚಾಲೂ ಮಾಡುವ ಮೊದಲು ಕಟೌಟ್‌ನ ಎರಡು ಟರ್ಮಿನಲ್‌ಗಳನ್ನು ತಂತಿಯಿಂದ ಒಮ್ಮೆ ತಾಗಿಸಿ ಡೈನಮೋದ ಧ್ರುವವನ್ನು ಬ್ಯಾಟರಿಗೆ ಹೊಂದುವಂತೆ ಸರಿಪಡಿಸಿಕೊಂಡೆ; ಈ ಕಾರಿನ 6 ವೋಲ್ಟ್ ಬ್ಯಾಟರಿಯ ಪಾಸಿಟಿವ್ ತುದಿಯೇ ಅರ್ತ್ ಆಗಿರುತ್ತದೆ (ಕಾರಿನ ಲೋಹದ ಮೈಗೆ ಜೋಡಿಸಿರುತ್ತದೆ). ಮೂರನೆಯ ಬ್ರಷ್ಷನ್ನು ಆರ್ಮೇಚರ್ ತಿರುಗುವ ದಿಕ್ಕಿಗೆ ಸರಿಸಿದರೆ ಚಾರ್ಜ್ ಹೆಚ್ಚುತ್ತದೆ. ಹಗಲಿನಲ್ಲೇ ಓಡಾಡುವ ಕಾರಾದ್ದರಿಂದ 8 ಆಂಪಿಯರ್ ಆಸುಪಾಸಿಗೆ ಬಿಟ್ಟಿದ್ದೇನೆ.