ಮೋಟರ್‌ನ ಆಯುಷ್ಯದ ಲೆಕ್ಕ: ಮೊದಲು ಎಷ್ಟು ಗಂಟೆ ತಿರುಗುತ್ತೆ ಅಂತ ಕೇಳಿ

ಶಿವಮೊಗ್ಗದ ಮಾಚೇನಹಳ್ಳಿ ಕಡೆಯ ಫೌಂಡ್ರಿಗಳಿಗೆ ಮೋಟರ್ ರಿವೈಂಡಿಂಗ್, ಅಂದರೆ ಸುಟ್ಟ ಮೋಟರಿನ ಹಳೆ ತಾಮ್ರದ ಕಾಯಿಲ್ ತೆಗೆದು ಹೊಸದು ಸುತ್ತುವುದು, ಮಾಡಿಕೊಡುವ ಕೆಲಸ ನನ್ನದು. ಈಗೀಗ ಮೇಂಟೆನೆನ್ಸ್ ಹುಡುಗರು ಹೊಸ ಪ್ರಶ್ನೆ ಕೇಳುತ್ತಾರೆ: "ಅಣ್ಣಾ, ಈ ಮೋಟರಿಂದ ಪರಿಸರಕ್ಕೆ ಎಷ್ಟು ಹೊರೆ ಅಂತ ಲೆಕ್ಕ ಕೊಡಬೇಕಂತೆ, ಹೇಗೆ?" ತಯಾರಿಕೆಯಿಂದ ಗುಜರಿಯವರೆಗಿನ ಈ ಹೊರೆಯ ಲೆಕ್ಕಕ್ಕೆ ಐಎಸ್‌ಒ 14040 ಮತ್ತು 14044 ಎಂಬ ಅಂತರರಾಷ್ಟ್ರೀಯ ಮಾನದಂಡಗಳಿವೆ. ಪೂರ್ತಿ ವರದಿಗೆ ಸಾಫ್ಟ್‌ವೇರ್, ತಜ್ಞರು ಎಲ್ಲ ಬೇಕು. ಆದರೆ ಹೊಸದು ತರಬೇಕಾ, ರಿಪೇರಿ ಮಾಡಿಸಬೇಕಾ ಅಂತ ತೀರ್ಮಾನಿಸೋಕೆ ಒಂದು ಹಾಳೆ, ಒಂದು ಮೀಟರ್ ಸಾಕು.

ಹಾಳೆಯ ಮೇಲ್ಗಡೆ ಮೋಟರ್ ಮಾಡಬೇಕಾದ ಕೆಲಸ ಬರೆಯಿರಿ. "ಒಂದು ಮೋಟರ್" ಅಂತ ಸುಮ್ನೆ ಬರೆದರೆ ಲೆಕ್ಕ ಮುಂದೆ ಹೋಗುವುದಿಲ್ಲ. "10 ಎಚ್‌ಪಿ, ಅಂದರೆ 7.5 ಕಿಲೋವ್ಯಾಟ್, ಮುಕ್ಕಾಲು ಲೋಡ್, ವರ್ಷಕ್ಕೆ 4000 ಗಂಟೆ, 10 ವರ್ಷ ಬ್ಲೋವರ್ ತಿರುಗಿಸಬೇಕು." ಎರಡು ಮೋಟರ್ ಹೋಲಿಸುವಾಗ ಈ ಸಾಲು ಎರಡಕ್ಕೂ ಒಂದೇ ಇರಲಿ.

ಆಮೇಲೆ ತಯಾರಿಕೆ. ಇಂಥ ಮೋಟರ್ ಸುಮಾರು 70 ಕೆಜಿ ತೂಗುತ್ತದೆ. ಹೆಚ್ಚಿನದು ಬೀಡು ಮತ್ತು ಉಕ್ಕು, ಉಳಿದದ್ದು ತಾಮ್ರ, ಅಲ್ಯೂಮಿನಿಯಂ. ನಮ್ಮ ದೇಶದಲ್ಲಿ ಒಂದು ಕೆಜಿ ಉಕ್ಕು ಮಾಡಲು ಎರಡೂವರೆ ಕೆಜಿಯಷ್ಟು ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ, ತಾಮ್ರಕ್ಕೆ ಇನ್ನೂ ಜಾಸ್ತಿ. ಒಟ್ಟು 200 ಕೆಜಿ ಅಂತ ಹಿಡಿಯಿರಿ. ಇಲ್ಲಿ ಹತ್ತಿಪ್ಪತ್ತು ಕೆಜಿ ಆಚೀಚೆ ಆದರೂ ಉತ್ತರ ಬದಲಾಗುವುದಿಲ್ಲ.

ಉತ್ತರ ಬದಲಾಗುವುದು ಬಳಕೆಯಲ್ಲಿ. ಅದನ್ನು ಅಳೆದೇ ಬರೆಯಬೇಕು. ಟಾಂಗ್ ಟೆಸ್ಟರ್ (ವೈರ್ ಸುತ್ತ ಹಿಡಿದು ಕರೆಂಟ್ ಅಳೆಯುವ ಮೀಟರ್) ಹಾಕಿ ಆಂಪಿಯರ್ ನೋಡಿದರೆ ಸಾಲದು. ಲೋಡ್ ಕಡಿಮೆ ಇದ್ದಾಗ ಪವರ್ ಫ್ಯಾಕ್ಟರ್ (ಎಳೆದ ಕರೆಂಟಿನಲ್ಲಿ ನಿಜವಾಗಿ ಬಳಕೆಯಾಗುವ ಪಾಲು) ಬಿದ್ದುಹೋಗುತ್ತದೆ, ಆಗ ಆಂಪಿಯರ್ ನಂಬಿದರೆ ನಿಜವಾದ ಬಳಕೆಗಿಂತ ಜಾಸ್ತಿ ತೋರಿಸುತ್ತದೆ. ಕಿಲೋವ್ಯಾಟ್ ತೋರಿಸುವ ಮೀಟರ್ ಬೇಕು. ಆ ಲೈನಿಗೆ ಒಂದು ವಾರ ಎನರ್ಜಿ ಮೀಟರ್ ಕೂರಿಸಿದರೆ ಇನ್ನೂ ಒಳ್ಳೆಯದು.

7.5 ಕಿಲೋವ್ಯಾಟಿನ ನಾಲ್ಕು ಪೋಲ್ ಮೋಟರ್‌ಗೆ ಐಇ2 ದರ್ಜೆಯಲ್ಲಿ ಎಫಿಶಿಯೆನ್ಸಿ (ಎಳೆದ ಕರೆಂಟಿನಲ್ಲಿ ಕೆಲಸವಾಗಿ ಹೊರಬರುವ ಪಾಲು) 88.7%, ಅದಕ್ಕಿಂತ ಮೇಲಿನ ಐಇ3 ದರ್ಜೆಯಲ್ಲಿ 90.4%. ಮುಕ್ಕಾಲು ಲೋಡಿನಲ್ಲೂ ಹೆಚ್ಚುಕಮ್ಮಿ ಅಷ್ಟೇ. ಐಇ2 ಮೋಟರ್ ಗಂಟೆಗೆ 6.34 ಯೂನಿಟ್ ಎಳೆಯುತ್ತದೆ, ಅದರಲ್ಲಿ 0.72 ಯೂನಿಟ್ ಬರೀ ಬಿಸಿಯಾಗಿ ಹೋಗುತ್ತದೆ. ಗ್ರಿಡ್‌ನ ಒಂದು ಯೂನಿಟ್‌ಗೆ 0.72 ಕೆಜಿ ಇಂಗಾಲದ ಡೈಆಕ್ಸೈಡ್ ಹಿಡಿಯಿರಿ; ಕೇಂದ್ರ ವಿದ್ಯುತ್ ಪ್ರಾಧಿಕಾರ ಪ್ರತಿ ವರ್ಷ ಈ ಅಂಕಿ ಪ್ರಕಟಿಸುತ್ತದೆ. 4000 ಗಂಟೆಗೆ ಈ ಬಿಸಿಯ ಲೆಕ್ಕವೇ ವರ್ಷಕ್ಕೆ ಸುಮಾರು 2 ಟನ್. ತಯಾರಿಕೆಯ 200 ಕೆಜಿ ಇದರ ಮುಂದೆ ಏನೂ ಅಲ್ಲ. ಐಇ3 ಹಾಕಿದರೆ ವರ್ಷಕ್ಕೆ 480 ಯೂನಿಟ್, 345 ಕೆಜಿ ಉಳಿಯುತ್ತದೆ. ಹೊಸ ಮೋಟರ್ ಮಾಡಿದ ಹೊರೆ ಏಳೇ ತಿಂಗಳಲ್ಲಿ ತೀರಿತು.

ಈಗ ಅದೇ ಮೋಟರನ್ನು ಹೊಸನಗರದ ಕಡೆ ಸುಗ್ಗಿಯಲ್ಲಿ ಮಾತ್ರ ತಿರುಗುವ ಅಕ್ಕಿ ಮಿಲ್ಲಿಗೆ ಒಯ್ಯಿರಿ. ವರ್ಷಕ್ಕೆ 200 ಗಂಟೆ. ಉಳಿತಾಯ 24 ಯೂನಿಟ್, 17 ಕೆಜಿ. ಹೊಸದರ ಹೊರೆ ತೀರಲು ಹನ್ನೆರಡು ವರ್ಷ ಬೇಕು! ಅಲ್ಲಿ ಹಳೆಯದನ್ನೇ ಚೆನ್ನಾಗಿ ನೋಡಿಕೊಳ್ಳಿ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ.

ರಿವೈಂಡಿಂಗ್ ಲೆಕ್ಕಕ್ಕೆ ಬರೋಣ. ಹೊಸ ತಾಮ್ರ, ವಾರ್ನಿಷ್ ಸೇರಿದರೂ ಹೊರೆ ಹೊಸ ಮೋಟರಿನದಕ್ಕಿಂತ ತುಂಬಾ ಕಡಿಮೆ. ಆದರೆ ಹಳೆ ಕಾಯಿಲ್ ಬಿಚ್ಚುವುದು ಹೇಗೆ ಅಂತ ನೋಡಿ. ಸ್ಟೇಟರನ್ನು (ಕಾಯಿಲ್ ಕೂರುವ, ತಿರುಗದ ಹೊರಭಾಗ) ಸೌದೆ ಬೆಂಕಿಗೆ ಹಾಕಿ ಕೆಂಪಗೆ ಕಾಯಿಸುವವರು ಇದ್ದಾರೆ. ತೆಳು ಉಕ್ಕಿನ ಹಾಳೆಗಳ ನಡುವಿನ ಇನ್ಸುಲೇಷನ್ ಸುಟ್ಟುಹೋಗುತ್ತದೆ, ಕೋರ್ ಲಾಸ್, ಅಂದರೆ ಆ ಉಕ್ಕಿನಲ್ಲೇ ಬಿಸಿಯಾಗಿ ಹೋಗುವ ಕರೆಂಟ್, ಏರುತ್ತದೆ. ಎಫಿಶಿಯೆನ್ಸಿ ಒಂದೇ ಅಂಕ ಇಳಿದರೂ ಬ್ಲೋವರ್ ಮೋಟರಿನಲ್ಲಿ ವರ್ಷಕ್ಕೆ 290 ಯೂನಿಟ್ ಜಾಸ್ತಿ ಹೋಗುತ್ತದೆ. ಅಂದರೆ ಪ್ರತಿ ವರ್ಷ ಒಂದು ಹೊಸ ಮೋಟರ್ ಮಾಡಿದಷ್ಟು ಹೊರೆ. ಹಾಗಾಗಿ ಉಷ್ಣ ಹಿಡಿತದಲ್ಲಿರುವ ಓವನ್ನಿನಲ್ಲಿ, 370 ಡಿಗ್ರಿ ಸೆಲ್ಸಿಯಸ್ ದಾಟದಂತೆ ಸುಡಿಸಿ. ಸುಡುವ ಮೊದಲು, ಸುಟ್ಟ ಮೇಲೆ ಎರಡೂ ಸಲ ಕೋರ್ ಲಾಸ್ ಟೆಸ್ಟ್ ಮಾಡಿ ಅಂಕಿ ಬರೆದುಕೊಡಲು ಕೇಳಿ. ಕೇಳುವ ಹಕ್ಕು ನಿಮಗಿದೆ.

"ನಮಗೆ ಬರೋದು ಶರಾವತಿ ಕರೆಂಟ್, ಅದಕ್ಕೆ ಇಂಗಾಲ ಸೊನ್ನೆ ಹಾಕಿ" ಅನ್ನುವವರಿದ್ದಾರೆ. ಶರಾವತಿ ವಿದ್ಯುದಾಗಾರ 1035 ಮೆಗಾವ್ಯಾಟಿನದು ನಿಜ, ಆದರೆ ಅದು ಸೇರುವುದು ಎಲ್ಲರ ಗ್ರಿಡ್‌ಗೆ. ನೀವು ಎಳೆಯುವುದೂ ಅಲ್ಲಿಂದಲೇ. ಇನ್ನೊಂದು ಮಾತು. ಲಿಂಗನಮಕ್ಕಿ ಹಿನ್ನೀರಲ್ಲಿ ಊರು, ತೋಟ, ಕಾಡು ಮುಳುಗಿವೆ. ಇಂಗಾಲದ ಅಂಕಿಯಲ್ಲಿ ಅದು ಕಾಣುವುದೇ ಇಲ್ಲ. ಹಾಳೆಯಲ್ಲಿ ನೀರು, ನೆಲ, ವಿಷದ ಹೊಗೆಗೆ ಬೇರೆ ಕಾಲಂ ಇಡಿ, ಅಂಕಿ ಸಿಗದಿದ್ದರೆ ಮಾತಲ್ಲೇ ಬರೆಯಿರಿ.

ಕೊನೆಗೆ ಗುಜರಿ. ತಾಮ್ರ, ಕಬ್ಬಿಣ ಮತ್ತೆ ಕರಗುತ್ತವೆ, ಆ ಲಾಭವನ್ನು ಒಂದೇ ಕಡೆ ಬರೆಯಿರಿ. ತಯಾರಿಕೆಯಲ್ಲಿ ಗುಜರಿ ಉಕ್ಕು ಬಳಸಿದ್ದಾರೆ ಅಂತ ಒಮ್ಮೆ ಕಳೆದು, ಕೊನೆಯಲ್ಲೂ ಕಳೆದರೆ ಲೆಕ್ಕ ಸುಳ್ಳಾಗುತ್ತದೆ. ಗುಜರಿಯವರು ವೈರ್ ಬಯಲಲ್ಲಿ ಸುಡುತ್ತಾರೋ, ಸುಲಿಯುತ್ತಾರೋ ಅಂತ ಕೊಡುವ ಮೊದಲೇ ಕೇಳಿ, ಸುಲಿಯುವವರಿಗೇ ಕೊಡಿ.