ಮೇಷ್ಟ್ರ ಟ್ರಂಕು ಪತ್ರಾಗಾರ ಸೇರುವ ಮುನ್ನ

ಜೀವನವಿಡೀ ಪಾಠ ಹೇಳಿ, ಬರೆದು, ಊರೂರು ತಿರುಗಿ ಹಾಡು–ಕಥೆ ಕಲೆಹಾಕಿದ ಹಿರಿಯರು ತೀರಿಕೊಂಡ ಮೇಲೆ ಮನೆಯವರು ಅಟ್ಟ ಖಾಲಿ ಮಾಡಲು ಹೊರಡುತ್ತಾರೆ. ಅಚ್ಚಾದ ಪುಸ್ತಕಗಳನ್ನು ಜೋಪಾನವಾಗಿ ಎತ್ತಿಡುತ್ತಾರೆ. ಗೀಚಿದ ಹಾಳೆ, ಹಳೇ ಡೈರಿ, ಹೆಸರಿಲ್ಲದ ಕ್ಯಾಸೆಟ್ಟು ರದ್ದಿಗೆ ಹೋಗುತ್ತವೆ. ಆಗಬೇಕಾದ್ದು ಇದರ ತಿರುವುಮುರುವು. ಅಚ್ಚಾದ ಪುಸ್ತಕ ಯಾವುದಾದರೂ ಗ್ರಂಥಾಲಯದಲ್ಲಿ ಸಿಕ್ಕೀತು. ಒಂದು ಕವಿತೆಯ ಮೂರನೇ ಕರಡು ಇಡೀ ಲೋಕದಲ್ಲಿ ಇರುವುದು ಒಂದೇ, ಅದೂ ನಿಮ್ಮ ಅಟ್ಟದಲ್ಲಿ.

ವಿಶ್ವವಿದ್ಯಾಲಯಗಳ ಪತ್ರಾಗಾರಗಳು (ಹಳೇ ಕಾಗದಪತ್ರ, ದಾಖಲೆ ಕಾಪಾಡುವ ಆರ್ಕೈವ್‌ಗಳು) ಹುಡುಕುವುದು ಇಂಥದ್ದನ್ನೇ. ಮೈಸೂರಿನಲ್ಲಿ ಹುಟ್ಟಿದ ಎ.ಕೆ. ರಾಮಾನುಜನ್ ಅವರ ಕಾಗದಪತ್ರಗಳು ಇಂದು ಶಿಕಾಗೊ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿವೆ. ದಿನಚರಿ, ಕವಿತೆಯ ಕರಡು, ಅನುವಾದದ ಟಿಪ್ಪಣಿ, ಪತ್ರ ಎಲ್ಲವೂ ಒಂದೇ ಸಂಗ್ರಹದಲ್ಲಿ. ಭಾಷಾಶಾಸ್ತ್ರಜ್ಞನನ್ನೂ ಕವಿಯನ್ನೂ ಅಲ್ಲಿ ಬೇರೆ ಮಾಡಿಲ್ಲ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಪತ್ರಾಗಾರ ವಿಜ್ಞಾನಿಗಳ ಪತ್ರ, ಟಿಪ್ಪಣಿ ಪುಸ್ತಕ, ಫೋಟೊಗಳನ್ನು ಕಾಯುತ್ತದೆ. ಮನೆಯ ಟ್ರಂಕನ್ನು ಅಂಥ ಕಡೆಗೆ ಒಪ್ಪಿಸಬೇಕೆಂದರೆ ಕೆಲಸ ಹೀಗೆ ಶುರುವಾಗಲಿ.

ಮುಟ್ಟುವ ಮೊದಲು ಫೋಟೊ

ಮುಚ್ಚಳ ತೆಗೆದ ಕೂಡಲೇ ಯಾವುದನ್ನೂ ಕದಲಿಸದೆ ಮೊಬೈಲಿನಲ್ಲಿ ಚಿತ್ರ ತೆಗೆಯಿರಿ. ಪದರ ಪದರವಾಗಿ ಎತ್ತುವಾಗಲೂ ಪ್ರತಿ ಪದರಕ್ಕೊಂದು ಚಿತ್ರ ಇರಲಿ. ಯಾವುದರ ಪಕ್ಕ ಯಾವುದಿತ್ತು ಎಂಬುದೇ ಒಂದು ಮಾಹಿತಿ. ಒಂದು ಕರಡಿಗೆ ಪೋಸ್ಟ್‌ಕಾರ್ಡೊಂದನ್ನು ಗುಂಡುಪಿನ್ನಿನಿಂದ ಚುಚ್ಚಿಟ್ಟಿದ್ದಾರೆ ಎಂದುಕೊಳ್ಳಿ. ಕಾರ್ಡಿನ ಅಂಚಿನಲ್ಲಿ, ವಿಳಾಸದ ಪಕ್ಕದ ಇಷ್ಟೇ ಇಷ್ಟು ಜಾಗದಲ್ಲೂ ಗೆಳೆಯರು ಆಕ್ಷೇಪ ಬರೆದಿದ್ದಾರೆ. ಕರಡಿನ ಎರಡನೇ ಪುಟದಲ್ಲಿ ಅದೇ ಸಾಲು ಹೊಡೆದುಹೋಗಿದೆ. ಕಾರ್ಡನ್ನು ತೆಗೆದು ‘ಪತ್ರಗಳು’ ಎಂಬ ಕಡತಕ್ಕೆ ಹಾಕಿದಿರೋ, ಆ ಸಾಲು ಏಕೆ ಹೋಯಿತೆಂದು ಮುಂದೆ ಯಾರಿಗೂ ತಿಳಿಯುವುದಿಲ್ಲ. ವಿಷಯವಾರು, ವರ್ಷವಾರು ಅಚ್ಚುಕಟ್ಟಾಗಿ ಜೋಡಿಸುವ ಉತ್ಸಾಹವೇ ಇಲ್ಲಿ ದೊಡ್ಡ ಅಪಾಯ. ಅವರು ಕಡತಕ್ಕೆ ‘ಇತರೆ’ ಎಂದು ಹೆಸರಿಟ್ಟಿದ್ದರೆ ಅದು ‘ಇತರೆ’ಯಾಗಿಯೇ ಉಳಿಯಲಿ.

ಕಾಗದ ಹಿಡಿಯಲು ಹತ್ತಿಯ ಕೈಗವಸು ಬೇಡ. ಬೆರಳಿಗೆ ಹದ ಸಿಗದೆ ಹಾಳೆ ಹರಿಯುತ್ತದೆ. ಸೋಪಿನಿಂದ ತೊಳೆದು ಚೆನ್ನಾಗಿ ಒಣಗಿಸಿದ ಕೈ ಸಾಕು. ಗವಸು ಬೇಕಾಗುವುದು ಫೋಟೊ ಮತ್ತು ನೆಗೆಟಿವ್‌ಗಳಿಗೆ.

ಹುಳು, ಬೂಷ್ಟು, ತುಕ್ಕು

ಗೆದ್ದಲಿನ ಮಣ್ಣು, ಸಣ್ಣ ಹಿಟ್ಟಿನಂಥ ಪುಡಿ, ಓಡಾಡುವ ಬೆಳ್ಳಿಹುಳು ಕಂಡ ಕಟ್ಟನ್ನು ಆಗಲೇ ಬೇರೆ ಮಾಡಿ, ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿ. ತೇವಾಂಶ ಶೇ 65 ದಾಟಿದರೆ ಬೂಷ್ಟು ಏಳುತ್ತದೆ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಅದು ವಾರಗಟ್ಟಲೆ ಅದಕ್ಕಿಂತ ಮೇಲೇ ಇರುತ್ತದೆ. ಆದ್ದರಿಂದ ಟ್ರಂಕು ಬಿಚ್ಚುವ ಕೆಲಸವನ್ನು ಬೇಸಿಗೆಗೆ ಇಟ್ಟುಕೊಳ್ಳುವುದು ಜಾಣತನ. ತೇವದ ಹಾಳೆಯನ್ನು ಬಿಸಿಲಿಗೆ ಹಾಕಿದರೆ ಮುರುಟುತ್ತದೆ, ಶಾಯಿ ಮಾಸುತ್ತದೆ. ನೆರಳಲ್ಲಿ ಹರಡಿ ಫ್ಯಾನ್ ಹಾಕಿ. ಬೂಷ್ಟು ಪೂರ್ತಿ ಒಣಗಿದ ಮೇಲೆ ಮೂಗಿಗೆ ಮಾಸ್ಕ್ ಕಟ್ಟಿ, ಮನೆಯ ಹೊರಗೆ ಮೆತ್ತನೆಯ ಬ್ರಷ್ಷಿನಿಂದ ಒರೆಸಬಹುದು. ನುಸಿಗುಳಿಗೆ ಹಾಕಬೇಡಿ. ಅದರ ಆವಿ ಉಸಿರಿಗೆ ಕೆಟ್ಟದ್ದು, ಕೆಲವು ಬಗೆಯ ಪ್ಲಾಸ್ಟಿಕ್ಕನ್ನೂ ಮೆತ್ತಗಾಗಿಸುತ್ತದೆ.

ಗುಂಡುಪಿನ್ನು, ಕ್ಲಿಪ್ಪು, ರಬ್ಬರ್‌ಬ್ಯಾಂಡು ತೆಗೆಯಲೇಬೇಕು. ತುಕ್ಕು ಹಿಡಿದ ಕ್ಲಿಪ್ಪನ್ನು ಎಳೆದರೆ ಹಾಳೆಯೂ ಜತೆಗೇ ಬರುತ್ತದೆ. ಕ್ಲಿಪ್ಪಿಗೂ ಹಾಳೆಗೂ ನಡುವೆ, ಮುಂದೆ ಹಿಂದೆ ಎರಡೂ ಕಡೆ, ತೆಳು ಪ್ಲಾಸ್ಟಿಕ್ ಪಟ್ಟಿ ತೂರಿಸಿ ಮೆಲ್ಲಗೆ ಜಾರಿಸಿ. ಸ್ಟೇಪಲ್ ಆದರೆ ಹಿಂಬದಿಯ ಕಾಲುಗಳನ್ನು ಮೊಂಡು ಚಾಕುವಿನಿಂದ ನೆಟ್ಟಗೆ ಮಾಡಿ ಮುಂದಿನಿಂದ ತೆಗೆಯಿರಿ. ಜತೆಗಿದ್ದ ಹಾಳೆಗಳನ್ನು ದೊಡ್ಡ ಬಿಳಿ ಹಾಳೆಯೊಂದನ್ನು ಮಡಚಿ ಅದರೊಳಗೆ ಒಟ್ಟಿಗೇ ಇಡಿ. ಹಳೇ ಸೆಲ್ಲೋಟೇಪು ಮಾತ್ರ ಇದ್ದಹಾಗೇ ಇರಲಿ, ಅದನ್ನು ಬಿಡಿಸುವುದು ತಜ್ಞರ ಕೆಲಸ. ಹೊಸದಾಗಿ ಟೇಪು ಅಂಟಿಸುವುದು, ಲ್ಯಾಮಿನೇಷನ್ ಮಾಡಿಸುವುದು ಎಂದಿಗೂ ಬೇಡ. ಬಿಸಿಗೆ ಕರಗಿದ ಆ ಅಂಟನ್ನು ಆಮೇಲೆ ಹಾಳೆಗೆ ಪೆಟ್ಟಾಗದಂತೆ ತೆಗೆಯಲು ಬರುವುದಿಲ್ಲ.

ಪತ್ರಿಕೆಯ ತುಣುಕುಗಳಲ್ಲಿ ಆಮ್ಲವಿರುವುದರಿಂದ ಪಕ್ಕದ ಹಾಳೆಯನ್ನೂ ಕಂದಾಗಿಸುತ್ತವೆ. ಮಧ್ಯೆ ಒಳ್ಳೆಯ ಬಿಳಿ ಹಾಳೆ ಹಾಕಿ. ಫ್ಯಾಕ್ಸ್ ಬಂದಿದ್ದರೆ ಇವತ್ತೇ ನಕಲು ತೆಗೆಯಿರಿ, ಆ ಅಕ್ಷರ ಮಾಯವಾಗುತ್ತಿದೆ.

ತಾರೀಕು ಹಚ್ಚುವುದು, ಪಟ್ಟಿ ಬರೆಯುವುದು

ಹಳೇ ಪತ್ರಗಳಲ್ಲಿ ಇಸವಿ ಇರದೆ ಬರೀ ‘ವಿಕಾರಿ ಸಂ. ಕಾರ್ತಿಕ ಶುದ್ಧ ಪಂಚಮಿ’ ಎಂದಿರಬಹುದು. ಸಂವತ್ಸರ 60 ವರ್ಷಕ್ಕೊಮ್ಮೆ ಮರಳುತ್ತದೆ: ವಿಕಾರಿ 1959–60ರಲ್ಲೂ ಬಂತು, 2019–20ರಲ್ಲೂ ಬಂತು. ಬರೆದವರ ಕಾಲ ನೋಡಿ ನಿರ್ಧರಿಸಿ, ಅಂಚೆ ಮುದ್ರೆಯೊಂದಿಗೆ ತಾಳೆ ಹಾಕಿ. ಅದಕ್ಕೇ ಲಕೋಟೆಗಳನ್ನು ಎಸೆಯಬಾರದು. ಅವಸರದ ಕೈಬರಹದಲ್ಲಿ ಕನ್ನಡದ ೬ ಮತ್ತು ೯ ಒಂದೇ ಥರ ಕಾಣುತ್ತವೆ, ಎರಡು ಸಲ ನೋಡಿ. ಅಂದಾಜಾದರೆ ‘ಸು. 1962’ ಎಂದು ಬರೆಯಿರಿ.

ಒಂದೊಂದು ಹಾಳೆಗೂ ಪಟ್ಟಿ ಬರೆಯಹೊರಟರೆ ಕೆಲಸ ಮುಗಿಯುವುದಿಲ್ಲ. ಕಡತಕ್ಕೊಂದು ಸಾಲು ಸಾಕು: ಪೆಟ್ಟಿಗೆ ಸಂಖ್ಯೆ, ಕಡತ ಸಂಖ್ಯೆ, ಅವರೇ ಇಟ್ಟ ಹೆಸರು, ಒಳಗೇನಿದೆ, ಭಾಷೆ, ಮೊದಲ ಮತ್ತು ಕೊನೆಯ ಇಸವಿ, ಸುಮಾರು ಎಷ್ಟು ಹಾಳೆ, ಸ್ಥಿತಿ. ಕಡತದ ದಪ್ಪ ಒಂದೂವರೆ ಸೆಂ.ಮೀ. ದಾಟದಿರಲಿ. ಸಂಖ್ಯೆಯನ್ನು ಕಡತದ ಮೇಲೆ 2ಬಿ ಪೆನ್ಸಿಲಿನಲ್ಲೇ ಬರೆಯಿರಿ. ಫೋಟೊದ ಹಿಂದೆಯೂ ಅಷ್ಟೇ. ಚಿತ್ರದಲ್ಲಿರುವವರನ್ನು ಗುರುತಿಸಬಲ್ಲ ಹಿರಿಯರು ಮನೆಯಲ್ಲಿದ್ದರೆ ಈ ಭಾನುವಾರವೇ ಅವರ ಮುಂದೆ ಕೂತು ಎಡದಿಂದ ಬಲಕ್ಕೆ ಹೆಸರು ಬರೆದುಕೊಳ್ಳಿ. ಉಳಿದ ಕೆಲಸ ಕಾಯುತ್ತದೆ, ಇದು ಕಾಯುವುದಿಲ್ಲ.

ಕ್ಯಾಸೆಟ್ಟು ಮತ್ತು ಕಂಪ್ಯೂಟರು

ಕ್ಷೇತ್ರಕಾರ್ಯದ ಹಾಡು, ತಾಳಮದ್ದಳೆ, ಸಂದರ್ಶನ ಇರುವ ಕ್ಯಾಸೆಟ್ಟುಗಳ ಮೇಲಂಚಿನಲ್ಲಿ ಎರಡು ಪುಟ್ಟ ಪ್ಲಾಸ್ಟಿಕ್ ಮುಚ್ಚಳಗಳಿರುತ್ತವೆ. ಮೊದಲು ಅವನ್ನು ಮುರಿಯಿರಿ. ಆಗ ತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಅಳಿಯುವುದಿಲ್ಲ. ಕಿಟಕಿಯೊಳಗೆ ಬಿಳಿ ಪುಡಿ ಕಂಡರೆ ಅದು ಬೂಷ್ಟು, ಪ್ಲೇಯರಿಗೆ ಹಾಕಬೇಡಿ. ಹಾಕಿದರೆ ಆ ಪ್ಲೇಯರಿನಿಂದ ಮುಂದಿನ ಕ್ಯಾಸೆಟ್ಟಿಗೂ ಹರಡುತ್ತದೆ. ಡಿಜಿಟಲ್ ಮಾಡಿಸುವಾಗ ಎಂಪಿ3 ಸಾಲದು. 24 ಬಿಟ್, 96 ಕಿಲೋಹರ್ಟ್ಸ್‌ನ ವೇವ್ ಫೈಲ್ ಕೇಳಿ. ಗಂಟೆಗೆ ಸುಮಾರು 2 ಜಿಬಿ ಜಾಗ ಬೇಕಾಗುತ್ತದೆ. ಮಾಡಿಸಿದ ಮೇಲೂ ಕ್ಯಾಸೆಟ್ಟನ್ನು ಎಸೆಯಬೇಡಿ.

ಸುಮಾರು 1990ರ ಈಚೆಗೆ ಬರೆದವರಾದರೆ ಫ್ಲಾಪಿ, ಸಿಡಿ, ಹಳೇ ಹಾರ್ಡ್‌ಡಿಸ್ಕು ಇರುತ್ತವೆ. ಅವುಗಳಲ್ಲಿ ಕನ್ನಡದ ವಿಶೇಷ ತೊಡಕೊಂದಿದೆ. ನುಡಿ, ಬರಹ ಮುಂತಾದ ಹಳೇ ತಂತ್ರಾಂಶಗಳಲ್ಲಿ ಮಾಡಿದ, ಯೂನಿಕೋಡ್ (ಯಾವ ಗಣಕದಲ್ಲೂ ಒಂದೇ ರೀತಿ ಓದಬರುವ ಅಕ್ಷರ ಸಂಕೇತ) ಅಲ್ಲದ ಕಡತಗಳಲ್ಲಿ ಕನ್ನಡ ಅಕ್ಷರಗಳು ರೋಮನ್ ಅಕ್ಷರಗಳ ಜಾಗದಲ್ಲಿ ಕೂತಿರುತ್ತವೆ. ಆ ಫಾಂಟ್ ಇಲ್ಲದ ಗಣಕದಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರ, ಚಿಹ್ನೆಗಳ ರಾಶಿ ಕಾಣುತ್ತದೆ. ‘ಫೈಲು ಕೆಟ್ಟಿದೆ’ ಎಂದು ಅಳಿಸಿಬಿಡುವುದು ಆಗಲೇ. ಫೈಲು ಕೆಟ್ಟಿಲ್ಲ. ಮೂಲ ಕಡತ, ಆ ಫಾಂಟ್, ಫಾಂಟ್ ಹಾಕಿ ತೆಗೆದ ಪಿಡಿಎಫ್, ಯೂನಿಕೋಡ್‌ಗೆ ಪರಿವರ್ತಿಸಿದ ಪ್ರತಿ — ನಾಲ್ಕನ್ನೂ ಒಂದೇ ಫೋಲ್ಡರಿನಲ್ಲಿಡಿ. ಪರಿವರ್ತನೆಯಲ್ಲಿ ಅರ್ಕಾವೊತ್ತು ಪಕ್ಕದ ಅಕ್ಷರಕ್ಕೆ ಹಾರುತ್ತದೆ, ಒತ್ತಕ್ಷರ ಕಳಚಿಕೊಳ್ಳುತ್ತದೆ. ಪಿಡಿಎಫ್ ಪಕ್ಕದಲ್ಲಿಟ್ಟು ಓದಿ ತಿದ್ದಬೇಕು. ಎಲ್ಲದಕ್ಕೂ ಮೂರು ಪ್ರತಿ ಇರಲಿ, ಅದರಲ್ಲೊಂದು ಬೇರೆ ಊರಿನಲ್ಲಿರಲಿ.

ತಾಳೆಗರಿಯ ಕಟ್ಟು ಸಿಕ್ಕರೆ ಎಣ್ಣೆ, ಅರಿಸಿನ ಹಚ್ಚದೆ, ದಾರ ಬಿಚ್ಚದೆ, ಬಟ್ಟೆ ಸುತ್ತಿ ನೆಟ್ಟಗೆ ಮಲಗಿಸಿಡಿ. ಒಳಗೇನಿದೆ ಎಂದು ಗೊತ್ತಾಗದಿದ್ದರೂ ತಜ್ಞರಿಗೆ ತೋರಿಸಿ. ತಂಜಾವೂರು ಸೀಮೆಯ ಪಂಡಿತರೊಬ್ಬರು ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ಕೊಟ್ಟ ಗರಿಗಳಲ್ಲೇ ಆರ್. ಶಾಮಶಾಸ್ತ್ರಿಗಳಿಗೆ ಕೌಟಿಲ್ಯನ ಅರ್ಥಶಾಸ್ತ್ರ ಸಿಕ್ಕಿದ್ದು. 1909ರಲ್ಲಿ ಅದು ಅಚ್ಚಾಯಿತು.

ಕಾನೂನು ಮತ್ತು ದಾನಪತ್ರ

ಕಾಗದದ ಒಡೆತನ ಬೇರೆ, ಕೃತಿಸ್ವಾಮ್ಯ ಬೇರೆ. ಅವರಿಗೆ ಬಂದ ಪತ್ರದ ಹಾಳೆ ನಿಮ್ಮದಾದರೂ ಅದರ ಬರಹದ ಹಕ್ಕು ಬರೆದವರದು. ಭಾರತದಲ್ಲಿ, ಲೇಖಕರು ಬದುಕಿದ್ದಾಗ ಪ್ರಕಟವಾದ ಬರಹಕ್ಕೆ ಅವರು ತೀರಿದ ಮುಂದಿನ ಜನವರಿಯಿಂದ 60 ವರ್ಷ ಹಕ್ಕು ಉಳಿಯುತ್ತದೆ: 1990ರಲ್ಲಿ ತೀರಿದ್ದರೆ 2050ರ ಕೊನೆವರೆಗೆ. ತೀರಿದ ಮೇಲೆ ಮೊದಲ ಸಲ ಪ್ರಕಟವಾದರೆ 60 ವರ್ಷದ ಎಣಿಕೆ ಪ್ರಕಟವಾದ ಮುಂದಿನ ಜನವರಿಯಿಂದ. ಹಕ್ಕನ್ನೂ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಡುವುದಾದರೆ ಬಾಯಿಮಾತು ನಡೆಯುವುದಿಲ್ಲ, ಬರಹದಲ್ಲಿ ಸಹಿ ಬೇಕು. ಅವಧಿ ಬರೆಯದಿದ್ದರೆ ಕಾನೂನು ಅದನ್ನು 5 ವರ್ಷ ಎಂದೂ, ಪ್ರದೇಶ ಬರೆಯದಿದ್ದರೆ ಭಾರತ ಎಂದೂ ತಿಳಿಯುತ್ತದೆ. ಸಾಹಿತ್ಯಕ, ಚಾರಿತ್ರಿಕ ಮೌಲ್ಯವುಳ್ಳ 75 ವರ್ಷ ಮೀರಿದ ಹಸ್ತಪ್ರತಿ 1972ರ ಪ್ರಾಚ್ಯವಸ್ತು ಕಾಯ್ದೆಯಡಿ ಬರುತ್ತದೆ. ವಿದೇಶದಲ್ಲಿರುವ ಮಕ್ಕಳು ಅದನ್ನು ಸೂಟ್‌ಕೇಸಿನಲ್ಲಿ ಒಯ್ಯುವಂತಿಲ್ಲ.

ಟ್ರಂಕು ಹೊತ್ತುಕೊಂಡು ನೇರ ಹೋಗಿ ಬಾಗಿಲಲ್ಲಿ ನಿಲ್ಲಬೇಡಿ. ಪಟ್ಟಿ ಮತ್ತು ಹತ್ತು ಹನ್ನೆರಡು ಚಿತ್ರ ಕಳಿಸಿ, ನಾಲ್ಕು ಪ್ರಶ್ನೆ ಕೇಳಿ: ಎಲ್ಲಿಡುತ್ತೀರಿ? ಪಟ್ಟಿ ಯಾವಾಗ ಓದುಗರಿಗೆ ಸಿಗುತ್ತದೆ? ಸ್ಕ್ಯಾನ್ ಮಾಡಿದರೆ ಮನೆಯವರಿಗೆ ಪ್ರತಿ ಕೊಡುತ್ತೀರಾ? ಬೇಡವಾದ್ದನ್ನು ಏನು ಮಾಡುತ್ತೀರಿ? ಕೊನೆಯದರ ಉತ್ತರ ‘ಹಿಂತಿರುಗಿಸುತ್ತೇವೆ’ ಎಂದು ದಾನಪತ್ರದಲ್ಲಿ ಬರಲಿ. ಬದುಕಿರುವವರ ಖಾಸಗಿ ಸಂಗತಿ ಇರುವ ಪತ್ರಗಳನ್ನು ಸುಡುವ ಬದಲು ಇಂತಿಷ್ಟು ವರ್ಷ ಯಾರಿಗೂ ತೋರಿಸಬಾರದು ಎಂದು ಷರತ್ತು ಬರೆಸಬಹುದು, ಪತ್ರಾಗಾರಗಳಿಗೆ ಇದು ಹೊಸದೇನಲ್ಲ. ವಾರಸುದಾರರೆಲ್ಲರೂ ಸಹಿ ಹಾಕಲಿ. ಒಬ್ಬರನ್ನು ಬಿಟ್ಟರೆ ಹತ್ತು ವರ್ಷದ ಮೇಲೆ ತಕರಾರು ಬಂದು ಇಡೀ ಸಂಗ್ರಹ ಬೀಗದೊಳಗೆ ಕೂರುತ್ತದೆ.

ಒಪ್ಪಿಸುವ ದಿನ ಪೆಟ್ಟಿಗೆಗಳನ್ನು ಎಣಿಸಿ ಏರಿಸಿ, ಎಣಿಸಿ ಇಳಿಸಿ. ಪಟ್ಟಿಯ ಎರಡು ಪ್ರತಿಗೂ ಇಬ್ಬರ ಸಹಿ, ತಾರೀಕು ಆಗಲಿ; ಒಂದು ಅಲ್ಲಿ ಉಳಿಯಲಿ, ಇನ್ನೊಂದು ನಿಮ್ಮ ಜತೆ ಮನೆಗೆ ಬರಲಿ.